ಕಂತು, ಬಡ್ಡಿ, ಮರ್ಯಾದೆ: ಬೆಂಗಳೂರಿನ ಒಬ್ಬ ಆಟೋ ಚಾಲಕರ ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಸತ್ತಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಆತ್ಮಹತ್ಯೆ ಎಂದ ಕೂಡಲೇ ನಮ್ಮ ಕಿವಿಗೆ ಬೀಳುವುದೆಲ್ಲ ಮುಗಿದುಹೋದವರ ಕಥೆ. ಅಂಚಿನ ತನಕ ಹೋಗಿ ವಾಪಸ್ ಬಂದವರೇ ಜಾಸ್ತಿ. ಆದರೆ ಅವರ ಸುದ್ದಿ ಪೇಪರಿಗೆ ಬರುವುದಿಲ್ಲ. ಹೇಗೆ ವಾಪಸ್ ಬಂದರು ಎನ್ನುವುದನ್ನು ಯಾರೂ ಬರೆದಿಡುವುದೂ ಇಲ್ಲ.

ನಾನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕೆಲಸ ಮಾಡುವ ಒಂದು ಸಣ್ಣ ತಂಡದಲ್ಲಿ ಆಪ್ತಸಮಾಲೋಚಕಿ. ಇಲ್ಲಿ ಹೆಸರು, ಬಡಾವಣೆ, ಮೊತ್ತ, ಮಕ್ಕಳ ಓದು ಎಲ್ಲವನ್ನೂ ಬದಲಿಸಿದ್ದೇನೆ. ಒಂದೇ ಬಗೆಯ ತೊಂದರೆಯಲ್ಲಿದ್ದ ಬೇರೆ ಮನೆಗಳ ಕೆಲವು ವಿವರಗಳನ್ನೂ ಬೆರೆಸಿದ್ದೇನೆ. ಆದ್ದರಿಂದ ಯಾರು ಎಂದು ಹುಡುಕಲು ಹೋಗಬೇಡಿ. ಆ ಮನುಷ್ಯ ಏನು ಮಾಡಿಕೊಳ್ಳಬೇಕೆಂದಿದ್ದರು ಎಂಬುದನ್ನೂ ಬರೆಯುವುದಿಲ್ಲ. ಅದರಿಂದ ಓದುವವರಿಗೆ ಉಪಯೋಗವಿಲ್ಲ, ಕೆಲವರಿಗೆ ಅಪಾಯವಿದೆ.

ಹಿನ್ನೆಲೆ

ಮಂಜಣ್ಣ ಎಂದು ಕರೆಯೋಣ. ನಲವತ್ತು ದಾಟಿದ ವಯಸ್ಸು. ಹಳೇ ಮೈಸೂರು ಕಡೆಯ ಹಳ್ಳಿಯಿಂದ ಹುಡುಗನಾಗಿ ಬಂದವರು. ಮೊದಲು ಬಾಡಿಗೆ ಆಟೋ, ಆಮೇಲೆ ಸಾಲ ಮಾಡಿ ಸ್ವಂತ ಆಟೋ. ಹೆಂಡತಿ ಸುಧಾ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗಳು ಖಾಸಗಿ ಕಾಲೇಜಿನಲ್ಲಿ ಬಿಸಿಎ, ಮಗ ಎಂಟನೇ ಕ್ಲಾಸು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದನ್ನು ಹೇಳುವುದಕ್ಕೆ ಕಾರಣವಿದೆ. ಸಾಲಗಾರ ಎಂದರೆ ಸಾಕು, ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ 'ಕುಡೀತಾನಾ?' ಎಂದೇ ಅಲ್ವಾ.

ಅವರು ಇದ್ದದ್ದು ಭೋಗ್ಯದ ಮನೆಯಲ್ಲಿ. ಬೆಂಗಳೂರಿನ ಹೊರಗಿನವರಿಗೆ ಎರಡು ಮಾತು. ಮನೆ ಮಾಲೀಕರಿಗೆ ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟುಬಿಡುವುದು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಖಾಲಿ ಮಾಡುವಾಗ ಆ ಮೊತ್ತ ಪೂರ್ತಿ ವಾಪಸ್ ಪಡೆಯುವುದು. ತಿಂಗಳ ಬಾಡಿಗೆಯ ತಲೆನೋವಿಲ್ಲ ಎಂದು ದುಡಿಯುವ ಕುಟುಂಬಗಳಿಗೆ ಇದು ಇಷ್ಟ. ಮಂಜಣ್ಣ ಹಳ್ಳಿಯ ಪಾಲಿನ ಜಮೀನು ಮಾರಿದ ಹಣಕ್ಕೆ ಒಂದು ಚೀಟಿ ಎತ್ತಿದ ಹಣ ಸೇರಿಸಿ 4 ಲಕ್ಷ ಕೊಟ್ಟಿದ್ದರು. ಅರ್ಧ ನಗದು, ಅರ್ಧ ಚೆಕ್. ಸ್ಟಾಂಪ್ ಪೇಪರ್ ಮೇಲೆ ಬರೆದ ಕರಾರು, ನೋಟರಿ ಸಹಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿರಲಿಲ್ಲ. ಆ ಬೀದಿಯಲ್ಲಿ ಯಾರೂ ಮಾಡಿಸಿರಲಿಲ್ಲ.

ಒಂದು ದಿನ ಗೇಟಿಗೆ ಬ್ಯಾಂಕಿನ ನೋಟೀಸು ಅಂಟಿಸಿದರು. ಮಾಲೀಕರು ಆ ಕಟ್ಟಡದ ಮೇಲೆ ಸಾಲ ತೆಗೆದಿದ್ದರು, ಕಟ್ಟಿರಲಿಲ್ಲ. ಕಟ್ಟಡ ಹರಾಜಿಗೆ. ನೋಂದಣಿಯಾಗದ ಭೋಗ್ಯ ಪತ್ರಕ್ಕೆ ಬ್ಯಾಂಕಿನ ಎದುರು ಬಲ ಕಡಿಮೆ. ಮಾಲೀಕರ ಫೋನು ಸ್ವಿಚ್ ಆಫ್. ಮೂರು ಮಹಡಿಯ ಆರು ಕುಟುಂಬಗಳು ಖಾಲಿ ಮಾಡಬೇಕಾಯಿತು.

ಹೊಸ ಮನೆಗೆ 7,000 ಬಾಡಿಗೆ, 50,000 ಅಡ್ವಾನ್ಸ್. ಮಗಳ ಫೀಸು ಅದೇ ತಿಂಗಳು. ಇಷ್ಟರಲ್ಲಿ ಆಟೋ ದುಡಿಮೆಯೂ ಇಳಿದಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಸಣ್ಣ ಪುಟ್ಟ ಬಾಡಿಗೆ ಕೈಬಿಟ್ಟಿತು ಎಂದು ಅವರ ಸ್ಟ್ಯಾಂಡಿನವರು ಹೇಳುತ್ತಾರೆ. ಬೈಕ್ ಟ್ಯಾಕ್ಸಿ ಇನ್ನೊಂದಿಷ್ಟು ತಿಂದಿತು. ಮೀಟರ್ ದರ 2021ರ ಡಿಸೆಂಬರ್‌ನಲ್ಲಿ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ ಆದದ್ದು, ಮತ್ತೆ ಏರಿ 36 ಆದದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಗ್ಯಾಸು, ಸ್ಪೇರ್ ಪಾರ್ಟ್ಸು, ಹಾಲು, ಅಕ್ಕಿ ಯಾವುದೂ ಕಾಯಲಿಲ್ಲ. ತಮಾಷೆಯೆಂದರೆ ಅದೇ ಶಕ್ತಿ ಯೋಜನೆಯಿಂದ ಸುಧಾ ಅವರ ಬಸ್ ಚಾರ್ಜು ಉಳಿಯಿತು. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೆ ಬರುತ್ತಿತ್ತು. ಒಂದೇ ಸೂರಿನಡಿ ಲಾಭ ನಷ್ಟ ಎರಡೂ. ಆದರೆ ಆ ಖಾತೆಯಿಂದಲೇ ಸಾಲದ ಕಂತು ತಾನಾಗಿ ಕಡಿತವಾಗುವಂತೆ ಸಾಲ ಕೊಟ್ಟವರು ಬರೆಸಿಕೊಂಡಿದ್ದರು. ಹಣ ಸಾಲದೆ ಕಂತು ಬೌನ್ಸ್ ಆದರೆ ಪ್ರತಿ ಸಲ 590 ರೂಪಾಯಿ ದಂಡ. ಸರ್ಕಾರದ ಹಣ ಎಷ್ಟೋ ತಿಂಗಳು ದಂಡಕ್ಕೇ ಹೋಯಿತು.

ಸಾಲ ಹೇಗೆ ಬೆಳೆಯಿತು

ಅಡ್ವಾನ್ಸಿಗೂ ಫೀಸಿಗೂ ಸೇರಿಸಿ ಮಂಜಣ್ಣ 1 ಲಕ್ಷ ಮೀಟರ್ ಬಡ್ಡಿಗೆ ತಂದರು. ನೂರಕ್ಕೆ ತಿಂಗಳಿಗೆ 8 ರೂಪಾಯಿ. ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡು ಕೈಗೆ ಕೊಟ್ಟದ್ದು 92,000. ಆ ಬಡ್ಡಿ ಕಟ್ಟಲು ಸುಧಾ ಹೆಸರಿನಲ್ಲಿ ಎರಡು ಕಡೆ ಸಂಘದ ಸಾಲ, ಅಂದರೆ ಹೆಂಗಸರ ಗುಂಪಿಗೆ ಕೊಡುವ ಕಿರುಸಾಲ (ಮೈಕ್ರೋಫೈನಾನ್ಸ್). ಆ ವಾರದ ಕಂತಿಗೆ ಮೊಬೈಲ್ ಆಪ್ ಸಾಲ. ಒಂದು ಆಪ್ ತೀರಿಸಲು ಇನ್ನೊಂದು ಆಪ್. ಕೊನೆಯ ಎರಡು ಪ್ಲೇ ಸ್ಟೋರ್‌ನಲ್ಲಿ ಇಲ್ಲದವು, ಯಾರೋ ಕಳಿಸಿದ ಲಿಂಕ್ ಒತ್ತಿ ಇಳಿಸಿದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಂಜಣ್ಣ ದಿನಾ ಬೆಳಿಗ್ಗೆ ಬಾಡಿಗೆಗೆ ಕಾಯುವುದು ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಎದುರು. ಒಳಗಿರುವವರೂ ಸಾಲಗಾರರೇ. ಅವರ ಗೃಹಸಾಲದ ಬಡ್ಡಿ ಆಗ ವರ್ಷಕ್ಕೆ ನೂರಕ್ಕೆ ಎಂಟೂವರೆ ಒಂಬತ್ತು. ಇವರದು ತಿಂಗಳಿಗೆ ಎಂಟು, ಅಂದರೆ ವರ್ಷಕ್ಕೆ 96. ಒಂದೇ ಗೇಟು, ಒಳಗಡೆ ಸಾಲ ಎಂದರೆ ಆಸ್ತಿ, ಹೊರಗಡೆ ಸಾಲ ಎಂದರೆ ಮಾನ ಹೋಗುವ ಭಯ. ನಗರದ ಅಸಮಾನತೆ ಎಂದರೆ ಎತ್ತರದ ಕಟ್ಟಡದ ಪಕ್ಕ ಶೀಟ್ ಮನೆ ಇರುವ ಫೋಟೋ ತೋರಿಸುತ್ತಾರೆ. ನನ್ನನ್ನು ಕೇಳಿದರೆ ಈ ಬಡ್ಡಿಯ ವ್ಯತ್ಯಾಸವನ್ನೇ ತೋರಿಸಬೇಕು. ದುಡ್ಡಿಲ್ಲದವರಿಗೆ ದುಡ್ಡು ಯಾವಾಗಲೂ ದುಬಾರಿ.

ಸುಧಾ ಅವರ ಸಂಘದ ಕಥೆ ಬೇರೆಯೇ. ಹತ್ತು ಹೆಂಗಸರ ಗುಂಪು. ಒಬ್ಬರು ಕಟ್ಟದಿದ್ದರೆ ಉಳಿದವರು ಸೇರಿ ಕಟ್ಟಬೇಕು, ಇಲ್ಲದಿದ್ದರೆ ಯಾರಿಗೂ ಮುಂದಿನ ಸಾಲವಿಲ್ಲ. ಹಾಗಾಗಿ ಬಾಗಿಲಿಗೆ ಬಂದು ಕೂತವರು ಬರೀ ಏಜೆಂಟರಲ್ಲ. ಪಕ್ಕದ ಮನೆಯವರು, ಒಂದೇ ಲೈನಿನಲ್ಲಿ ಹೊಲಿಯುವವರು, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು. 'ನಿನ್ನಿಂದ ನನ್ನ ಮಗನ ಫೀಸು ನಿಂತೋಯ್ತು ಕಣೆ' ಎಂದು ಒಬ್ಬರು ಅತ್ತರಂತೆ. ಅವರು ಕೆಟ್ಟವರಲ್ಲ. ಅವರ ಕುತ್ತಿಗೆಗೂ ಅದೇ ಹಗ್ಗ ಬಿದ್ದಿತ್ತು. ಸುಧಾ ಗಲಾಟೆಗಿಂತ ಹೆಚ್ಚು ಹೆದರಿದ್ದು ಆ ಅಳುವಿಗೆ.

ಮನೆಯಲ್ಲಿ ಜಗಳ ಶುರುವಾಯಿತು. ಆಪ್ ಸಾಲದ ವಿಷಯ ಸುಧಾಗೆ ಗೊತ್ತಿರಲಿಲ್ಲ. ಎರಡನೇ ಸಂಘದ ಸಾಲ ಮಂಜಣ್ಣನಿಗೆ ಗೊತ್ತಿರಲಿಲ್ಲ. ಇಬ್ಬರೂ ಇನ್ನೊಬ್ಬರಿಗೆ ನೋವಾಗಬಾರದೆಂದೇ ಮುಚ್ಚಿಟ್ಟವರು.

ಯಾವ ಕಾಲಂ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಲಕ್ಷ ಜನರಿಗೆ 12.4. ನಗರಗಳಲ್ಲಿ ಅದು 16.4. ಕರ್ನಾಟಕದ ಲೆಕ್ಕ 13,606. ಬೆಂಗಳೂರು ನಗರದ್ದು 2021, 2022 ಎರಡೂ ವರ್ಷ 2,300ರ ಆಸುಪಾಸು. ದೇಶದಲ್ಲಿ ಹೀಗೆ ಸತ್ತವರಲ್ಲಿ ಸುಮಾರು ಕಾಲು ಭಾಗ ದಿನಗೂಲಿಯವರು. ಮೂರರಲ್ಲಿ ಎರಡು ಪಾಲು ಜನರ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆ.

ಇಷ್ಟಾದರೂ ಅದೇ ವರದಿಯ ಕಾರಣಗಳ ಪಟ್ಟಿಯಲ್ಲಿ ಸಾಲ, ದಿವಾಳಿ ಎಂದು ಬರೆದಿರುವುದು ಶೇಕಡಾ 4ರಷ್ಟು ಮಾತ್ರ. ಶೇಕಡಾ 32ರ ಹತ್ತಿರ ಇರುವುದು 'ಕೌಟುಂಬಿಕ ಸಮಸ್ಯೆ'. ಒಂದು ಸಾವಿಗೆ ಒಂದೇ ಕಾರಣ ಬರೆಯಬೇಕು ಎಂದರೆ ಹೀಗೇ ಆಗುತ್ತದೆ. ಮಂಜಣ್ಣ ಅಕಸ್ಮಾತ್ ಹೋಗಿಬಿಟ್ಟಿದ್ದರೆ ಅಕ್ಕಪಕ್ಕದವರು ಪೊಲೀಸರಿಗೆ ಏನು ಹೇಳುತ್ತಿದ್ದರು? 'ಗಂಡ ಹೆಂಡ್ತಿ ಜಗಳ ಸಾರ್, ದಿನಾ ಕೇಳಿಸ್ತಿತ್ತು.' ಸುಳ್ಳಲ್ಲ. ಆದರೆ ಜಗಳ ಆಗುತ್ತಿದ್ದದ್ದು ಸೋಮವಾರದ ಕಂತಿನ ಹಿಂದಿನ ರಾತ್ರಿ. ಭೋಗ್ಯದ 4 ಲಕ್ಷ ಯಾವ ಕಾಲಂನಲ್ಲಿ ಬರುತ್ತಿತ್ತು? ಎಲ್ಲೂ ಇಲ್ಲ.

ಹಾಗಂತ ಬಡತನವೇ ನೇರ ಕಾರಣ ಎಂದುಬಿಡುವುದೂ ಸರಿಯಲ್ಲ. ಅದೇ ಕಟ್ಟಡದಿಂದ ಆಚೆ ಬಂದ ಉಳಿದ ಐದು ಕುಟುಂಬಗಳಲ್ಲಿ ಹೀಗಾಗಲಿಲ್ಲ. ಸಾಲ, ಅವಮಾನ, ನಿದ್ದೆಯಿಲ್ಲದ ರಾತ್ರಿ, ಯಾರಿಗೂ ಹೇಳಿಕೊಳ್ಳಲಾಗದ ಒಂಟಿತನ, ಜೊತೆಗೆ ಹಿಡಿದುಕೊಂಡ ಖಿನ್ನತೆ ಎಲ್ಲ ಒಂದೇ ಮನುಷ್ಯನ ಮೇಲೆ ಒಂದೇ ಕಾಲಕ್ಕೆ ಬಿದ್ದಾಗ ಅಪಾಯ.

ಮೊದಲು ಮಾಡಿ ನೋಡಿದ್ದು

ನಮ್ಮ ತಂಡಕ್ಕೆ ಸುದ್ದಿ ಬರುವ ಮೊದಲೇ ಮನೆಯವರು ಸಾಕಷ್ಟು ಪ್ರಯತ್ನ ಮಾಡಿದ್ದರು. ಸುಧಾ ಅಣ್ಣ, ಅಂದರೆ ಮಂಜಣ್ಣನ ಭಾವಮೈದುನ, 50,000 ಕೈಸಾಲ ಕೊಟ್ಟರು. ಆ ಹಣ ಯಾರಿಗೆ ಹೋಯಿತು ಗೊತ್ತಾ? ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದ ಆಪ್‌ನವರಿಗೆ. ಮಾರನೇ ವಾರ ಅವರೇ ಇನ್ನೂ ದೊಡ್ಡ ಸಾಲ 'ಆಫರ್' ಮಾಡಿದರು. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೇ. ಹಣ ಮೊದಲು ಹೋಗುವುದು ಕೂಗುವವರಿಗೆ, ಮುಖ್ಯವಾದವರಿಗೆ ಅಲ್ಲ.

ಆಮೇಲೆ ಊರ ದೇವರಿಗೆ ಹೋಗಿ ಬಂದರು. ಹಿರಿಯರು ಕೂರಿಸಿಕೊಂಡು ಧೈರ್ಯ ಹೇಳಿದರು. 'ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ' ಎಂಬ ಮಾತೂ ಬಂತು. ಮಂಜಣ್ಣ ಆಮೇಲೆ ನನ್ನ ಹತ್ತಿರ ಹೇಳಿದರು, ಆ ಮಾತು ಕೇಳಿದ ದಿನವೇ ತಾನು ಇನ್ನು ಬಾಯಿ ಬಿಡಬಾರದು ಎಂದು ತೀರ್ಮಾನ ಮಾಡಿದ್ದರಂತೆ.

ಡಾಕ್ಟರ ಹತ್ತಿರವೂ ಹೋಗಿದ್ದರು. ಮಾತ್ರೆ ಕೊಟ್ಟರು. ಬೆಳಿಗ್ಗೆ ಆಟೋ ಓಡಿಸುವಾಗ ತೂಕಡಿಕೆ. ಒಂದು ದಿನ ಡಿವೈಡರಿಗೆ ತಾಗುವುದರಲ್ಲಿತ್ತು. ಬಿಟ್ಟುಬಿಟ್ಟರು. ಮತ್ತೆ ಹೋಗಿ ಹೇಳಲು ಅರ್ಧ ದಿನದ ದುಡಿಮೆ ಕಳೆದುಕೊಳ್ಳಬೇಕು.

ಇವೆಲ್ಲದರಲ್ಲೂ ಒಂದು ವಿಷಯ ಗಮನಿಸಿ. ದುಡ್ಡಿನ ಸಹಾಯ ಮಾಡಿದವರು ಮನಸ್ಸಿನ ಬಗ್ಗೆ ಕೇಳಲಿಲ್ಲ. ಮನಸ್ಸಿನ ಬಗ್ಗೆ ಮಾತಾಡಿದವರು ದುಡ್ಡಿನ ಲೆಕ್ಕ ಕೇಳಲಿಲ್ಲ.

ಆ ಸಂಜೆ

ಸುಧಾ ಅವರ ಲೈನ್ ಸೂಪರ್‌ವೈಸರ್ ಫೋನಿಗೆ ಒಂದು ಫೋಟೋ ಬಂತು. ಮಂಜಣ್ಣನ ಮುಖವನ್ನು ಬೇರೆ ಮೈಗೆ ಅಂಟಿಸಿ, ಕೆಳಗೆ 'ಕಳ್ಳ' ಎಂದು ಬರೆದದ್ದು. ಲಿಂಕ್‌ನಲ್ಲಿ ಇಳಿಸಿದ ಆಪ್ ಫೋನಿನ ನಂಬರುಗಳನ್ನೆಲ್ಲ ಎತ್ತಿಕೊಂಡಿತ್ತು. ಮಗಳ ಕಾಲೇಜಿನ ಗ್ರೂಪಿಗೂ ಕಳಿಸುತ್ತೇವೆ ಎಂಬ ಧಮಕಿ ಬೇರೆ.

ಮಾರನೇ ದಿನ ಮಂಜಣ್ಣ ಸ್ಟ್ಯಾಂಡಿಗೆ ಬಂದು ಟೀ ಅಂಗಡಿಯ ಬಾಕಿ ತೀರಿಸಿದರು. 340 ರೂಪಾಯಿ. ಲಕ್ಷಗಟ್ಟಲೆ ಸಾಲದವರು ಟೀ ಬಾಕಿ ತೀರಿಸುವುದನ್ನು ನೋಡಿ ಸ್ಟ್ಯಾಂಡಿನ ಹಿರಿಯ ಚಾಲಕರಿಗೆ ಏನೋ ಅನಿಸಿತು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಮಧ್ಯಾಹ್ನ ಮಂಜಣ್ಣ ಆಟೋ ದಾಖಲೆಗಳ ಫೈಲನ್ನು ಅವರ ಕೈಗೆ ಕೊಟ್ಟು, 'ಇಟ್ಕೊಂಡಿರಿ ಚಾಚಾ, ಮನೇಲಿ ಇಲಿ ಕಾಟ' ಎಂದರು. ಮೂರು ವಾರದಿಂದ ಮುಖ ಕ್ಷೌರ ಮಾಡಿಸದವರು ಆ ದಿನ ಶಾಂತವಾಗಿ, ಹೆಚ್ಚು ಕಡಿಮೆ ಖುಷಿಯಾಗಿ ಇದ್ದರಂತೆ. ಚಾಚಾಗೆ ಭಯವಾದದ್ದು ಆ ಶಾಂತಿಗೆ. ನಮ್ಮ ತಂಡ ಹಿಂದೊಮ್ಮೆ ಸ್ಟ್ಯಾಂಡಿನಲ್ಲಿ ಮಾತಾಡಿ ಹೋಗಿತ್ತು, ನಂಬರು ಅವರ ಬಳಿ ಇತ್ತು. ಫೋನ್ ಮಾಡಿದರು. ನಾವು ಹೋಗುವ ತನಕ 'ಗಾಡಿ ಕ್ಲಚ್ ವೈರ್ ನೋಡು ಬಾ' ಎಂದು ಮಂಜಣ್ಣನನ್ನು ಪಕ್ಕದಲ್ಲೇ ಇಟ್ಟುಕೊಂಡರು. ಈ ಪ್ರಕರಣದ ಅತಿ ದೊಡ್ಡ ಕೆಲಸ ಇದೇ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಯಾವ ತರಬೇತಿಯೂ ಇಲ್ಲದ ಮನುಷ್ಯ, ಒಬ್ಬಂಟಿಯಾಗಿ ಬಿಡಬಾರದು ಎನ್ನುವುದು ಅವರಿಗೆ ಹೊಳೆಯಿತು.

ಆಟೋದ ಹಿಂದಿನ ಸೀಟಿನಲ್ಲಿ ಕೂತು ನೇರವಾಗಿ ಕೇಳಿದೆ. 'ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ ಮಂಜಣ್ಣ?'

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹೆಚ್ಚಿನವರಿಗೆ ಹೊರೆ ಇಳಿದಂತಾಗುತ್ತದೆ. 'ತಪ್ಪು ಯೋಚನೆ ಏನೂ ಇಲ್ಲ ತಾನೇ?' ಎಂದು ಸುತ್ತಿ ಬಳಸಿ ಕೇಳಿದರೆ 'ಇಲ್ಲ' ಎಂಬ ಉತ್ತರವನ್ನು ನಾವೇ ಕೈಗಿಟ್ಟಂತೆ. ಮಂಜಣ್ಣ ತುಂಬಾ ಹೊತ್ತು ಮೀಟರನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: 'ಬರ್ತಿದೆ ಮೇಡಂ. ನಾನಿಲ್ದೇ ಇದ್ರೆ ಇವ್ರ ಮೇಲೆ ಯಾರೂ ಕೂಗಾಡಲ್ಲ ಅಲ್ವಾ.'

ಇಂಥ ಹೊತ್ತಿನಲ್ಲಿ ವಾದ ಮಾಡಬಾರದು. ಮಕ್ಕಳ ಮುಖ ನೋಡಿ ಎನ್ನಬಾರದು, ಅವರು ನೋಡುತ್ತಲೇ ಇರುತ್ತಾರೆ. ಯಾವಾಗ, ಎಲ್ಲಿ, ಏನಾದರೂ ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ಇತ್ತು. ಆ ವಸ್ತುವನ್ನು ಆ ರಾತ್ರಿಯೇ ಚಾಚಾ ತಮ್ಮ ವಶಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಒಂದು ಕಷ್ಟದ ತೀರ್ಮಾನ ಬಂತು. ಸುಧಾಗೆ ಹೇಳಬೇಡಿ ಎಂದು ಮಂಜಣ್ಣ ಕೈ ಹಿಡಿದುಕೊಂಡರು. ನಮ್ಮ ಕೆಲಸದಲ್ಲಿ ಗುಟ್ಟು ಕಾಪಾಡುವುದು ಮೊದಲ ನಿಯಮ, ಜೀವಕ್ಕೆ ಅಪಾಯವಿದ್ದರೆ ಆ ನಿಯಮ ಸಡಿಲ. ಅದನ್ನು ಅವರಿಗೇ ಬಿಡಿಸಿ ಹೇಳಿದೆ. ಸಾಲದ ವಿಷಯ ನೀವೇ ನಿಮಗೆ ಆದಾಗ ಹೇಳಿ. ಸಾಯುವ ಯೋಚನೆ ಬಂದಿದೆ ಎನ್ನುವುದನ್ನು ಮಾತ್ರ ಇವತ್ತೇ, ನಿಮ್ಮ ಎದುರೇ, ನಾನು ಹೇಳುತ್ತೇನೆ. ಅರ್ಧ ಗಂಟೆ ಬೇಡ ಎಂದರು. ಕೊನೆಗೆ 'ನೀವಿದ್ರೆ ನಾನೇ ಹೇಳ್ತೀನಿ' ಎಂದರು. ಮನೆಗೆ ಹೋದ ಮೇಲೆ ಎರಡನ್ನೂ ಒಟ್ಟಿಗೇ ಹೇಳಿದರು. ಸುಧಾ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ತಾವು ಮುಚ್ಚಿಟ್ಟಿದ್ದ ಎರಡನೇ ಸಂಘದ ಪಾಸ್‌ಬುಕ್ ತಂದು ನೆಲದ ಮೇಲೆ ಇಟ್ಟರು.

ಆ ರಾತ್ರಿ ಟೆಲಿ ಮಾನಸ್‌ಗೆ, 14416ಕ್ಕೆ, ಸ್ಪೀಕರ್ ಹಾಕಿ ಮಾತಾಡಿದೆವು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಇದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿ ಮಂಜಣ್ಣನನ್ನು ಒಬ್ಬರೇ ಬಿಡಲಿಲ್ಲ. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗ. ಜೊತೆಗೆ ಹೋದದ್ದಕ್ಕೆ ಒಂದು ಲಾಭವಾಯಿತು. ಇವರು ಆಟೋ ಓಡಿಸುತ್ತಾರೆ, ಹಗಲು ತೂಕಡಿಸಿದರೆ ಅಪಾಯ ಎಂದು ನಾವು ಬಾಯಿಬಿಟ್ಟು ಹೇಳಿದೆವು. ವೈದ್ಯರು ಮಾತ್ರೆ ಬದಲಿಸಿ ರಾತ್ರಿಗೆ ಹಾಕಿದರು, ಮೊದಲ ಕೆಲವು ದಿನ ಗಾಡಿ ತೆಗೆಯಬೇಡಿ ಎಂದರು. ಈ ಸಲ ಮಾತ್ರೆ ನಿಲ್ಲಲಿಲ್ಲ.

ಪೊಲೀಸ್ ಕೇಸ್ ಆಗುತ್ತಾ ಎಂದು ಭಾವಮೈದುನ ಪಿಸುಗುಟ್ಟಿ ಕೇಳಿದರು. ಈ ಭಯ ಇನ್ನೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ನೋಡಬೇಕು, ಶಿಕ್ಷಿಸಬಾರದು ಎಂದಿದೆ. ಇಲ್ಲಿ ಪ್ರಯತ್ನವೂ ಆಗಿರಲಿಲ್ಲ.

ಕ್ಯಾಲೆಂಡರಿನ ಹಿಂಬದಿ

ಒಂದು ವಾರ ಬಿಟ್ಟು ಲೆಕ್ಕಕ್ಕೆ ಕೂತೆವು. ಕಾಗದಕ್ಕೆ ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆಯನ್ನೇ ತಿರುಗಿಸಿಕೊಂಡೆವು. ಬರೆದದ್ದು ಮಗಳು. ಅವಳನ್ನು ಕೂರಿಸಬೇಕಾ ಬೇಡವಾ ಎಂದು ಚರ್ಚೆಯಾಯಿತು. ಅವಳೇ 'ನನಗೆ ಎಲ್ಲಾ ಗೊತ್ತಪ್ಪ, ಗೊತ್ತಿಲ್ದೇ ಇರೋ ಹಾಗೆ ಇದ್ದು ಸಾಕಾಗಿದೆ' ಎಂದಳು.

ಆಟೋ ಸಾಲ ಬಾಕಿ 1,30,000. ಎರಡು ಸಂಘ ಸೇರಿ 78,000. ಎತ್ತಿದ ಚೀಟಿಗೆ ಕಟ್ಟಬೇಕಾದ್ದು 45,000. ಮೀಟರ್ ಬಡ್ಡಿಯ ಅಸಲು 1 ಲಕ್ಷ. ಸುಧಾ ಸರ ಗಿರವಿ ಇಟ್ಟದ್ದು 60,000. ಭಾವಮೈದುನನ ಕೈಸಾಲ 50,000. ಆಪ್‌ಗಳು ತೋರಿಸುತ್ತಿದ್ದ ಬಾಕಿ 96,000, ಕೈಗೆ ಬಂದಿದ್ದದ್ದು ಮಾತ್ರ 41,000. ಒಟ್ಟು 5,59,000.

ಮಂಜಣ್ಣ ಎರಡು ಸಲ ಕೂಡಿಸಿದರು. ಅವರ ತಲೆಯಲ್ಲಿ ಇದ್ದದ್ದು ಎಂಟೊಂಬತ್ತು ಲಕ್ಷ. ತಿಂಗಳುಗಟ್ಟಲೆ ಎದೆ ಮೇಲೆ ಕೂತಿದ್ದ ಅಂಕಿ ಕಾಗದಕ್ಕೆ ಬಂದಾಗ ಚಿಕ್ಕದಾಗಿತ್ತು. ಐದೂವರೆ ಲಕ್ಷ ಕಡಿಮೆಯೇನಲ್ಲ. ಆದರೆ ಅದಕ್ಕೊಂದು ಕೊನೆಯಿದೆ ಎನ್ನುವುದು ಅವರಿಗೆ ಕಂಡಿತು. ಆ ದಿನ ಅವರು ಮೊದಲ ಸಲ 'ಮುಂದಿನ ತಿಂಗಳು' ಎಂಬ ಮಾತು ಆಡಿದರು.

ಇನ್ನೊಂದು ಲೆಕ್ಕ ಕೆಟ್ಟದಾಗಿತ್ತು. ಇಬ್ಬರ ದುಡಿಮೆ ಸೇರಿ ತಿಂಗಳಿಗೆ ಸುಮಾರು 25,500. ಆಟೋ ಕಂತು 7,200, ಸಂಘದ ವಾರದ ಕಂತುಗಳು ತಿಂಗಳಿಗೆ 9,000ದಷ್ಟು, ಚೀಟಿ 5,000, ಮೀಟರ್ ಬಡ್ಡಿ 8,000. ಅಷ್ಟಕ್ಕೇ 29,200. ಬಾಡಿಗೆ, ಊಟ, ಆಪ್ ಯಾವುದೂ ಸೇರಿಲ್ಲ. ಕಿರುಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಇವರಿಗೆ ಆ ಮಿತಿ 12,750. ಕೈಸಾಲ, ಚೀಟಿ, ಮೀಟರ್ ಬಡ್ಡಿ ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ. ಆದಾಯದ ಜಾಗದಲ್ಲಿ ಏಜೆಂಟರು ಏನು ಬರೆದುಕೊಂಡಿದ್ದರೋ ಅದೂ ದೇವರಿಗೇ ಗೊತ್ತು.

ಲೆಕ್ಕ ನೋಡಿ ಮಂಜಣ್ಣ 'ಮನುಷ್ಯ ಮಾತ್ರದವರಿಂದ ಕಟ್ಟೋಕಾಗಲ್ವಲ್ಲ ಇದು' ಎಂದರು. ತನ್ನ ಕೈಲಾಗದತನ ಎಂದು ತಿಳಿದಿದ್ದದ್ದು ಗಣಿತ ಎಂದು ಗೊತ್ತಾದದ್ದು ಆಗ.

ಯಾರಿಗೆ ಮೊದಲು

ಇಲ್ಲಿಂದ ತೀರ್ಮಾನಗಳ ಸರಣಿ. ಮೊದಲು ಆಟೋ ಕಂತು. ಗಾಡಿ ಹೋದರೆ ಎಲ್ಲ ಹೋಯಿತು. ಎರಡನೆಯದು ಸಂಘ, ಅಲ್ಲಿ ಕಟ್ಟದಿದ್ದರೆ ಬೇರೆ ಹೆಂಗಸರ ಹೊಟ್ಟೆ ಮೇಲೆ ಹೊಡೆದಂತೆ. ಸುಧಾ ಗುಂಪಿನ ಸಭೆ ಕರೆದು ಇದ್ದದ್ದನ್ನು ಹೇಳಿದರು. ಒಂದು ಸಂಸ್ಥೆ ವಾರದ ಕಂತು ಇಳಿಸಿ ಅವಧಿ ಎಳೆಯಲು ಒಪ್ಪಿತು. ಇನ್ನೊಂದು ಒಪ್ಪಲಿಲ್ಲ. ಆದರೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ ಎಂಬ ನಿಯಮವನ್ನು ಅವರ ಮುಂದೆ ಓದಿದ ಮೇಲೆ ರಾತ್ರಿ ಬರುವುದು ನಿಂತಿತು. ಚೀಟಿಯನ್ನು ಭಾವಮೈದುನ ಕೆಲವು ತಿಂಗಳು ನೋಡಿಕೊಂಡರು.

ಲಿಂಕ್ ಆಪ್‌ಗಳಿಗೆ ಒಂದು ರೂಪಾಯಿಯೂ ಕಟ್ಟಲಿಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ದೂರು, ಫೋಟೋ ಸಮೇತ. ಅದಕ್ಕಿಂತ ಕೆಲಸ ಮಾಡಿದ್ದು ಇನ್ನೊಂದು. ಮಗಳೇ ತನ್ನ ತರಗತಿಯ ಗ್ರೂಪಿಗೆ, ಸುಧಾ ತಮ್ಮ ಸೂಪರ್‌ವೈಸರ್‌ಗೆ ಮುಂಚೆಯೇ ಹೇಳಿಬಿಟ್ಟರು: ಹೀಗೊಂದು ಮೋಸದ ಆಪ್, ಅಸಹ್ಯ ಫೋಟೋ ಬರಬಹುದು, ಬಂದರೆ ಬ್ಲಾಕ್ ಮಾಡಿ. ಬ್ಲ್ಯಾಕ್‌ಮೇಲ್ ಮಾಡುವವರ ಕೈಯಲ್ಲಿದ್ದದ್ದು ಗುಟ್ಟು ಒಂದೇ. ಅದು ಹೋದ ಮೇಲೆ ಫೋನು ಕೆಲವೇ ದಿನ ಬಡಿದುಕೊಂಡು ನಿಂತಿತು.

ಮೀಟರ್ ಬಡ್ಡಿಯವನು ಅಷ್ಟು ಸುಲಭವಿರಲಿಲ್ಲ. ಆ ಏರಿಯಾದಲ್ಲಿ ಹಬ್ಬಕ್ಕೆ ಫ್ಲೆಕ್ಸ್ ಹಾಕಿಸುವ ಮನುಷ್ಯ. ಇಷ್ಟರಲ್ಲಿ 2025ರ ಜನವರಿ ಬಂತು. ಕಿರುಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುವ ಸುದ್ದಿ ರಾಜ್ಯದ ಎಲ್ಲ ಕಡೆಯಿಂದ. ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಫೆಬ್ರವರಿ 12ರಂದು ಒಪ್ಪಿದರು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರನ್ನು ಜೊತೆಗಿಟ್ಟುಕೊಂಡು, ಚಾಚಾ ಮುಂದೆ ಕೂತು ಮಾತಾಡಿದೆವು. ಆತನಿಗೆ ಅಷ್ಟರಲ್ಲಿ ಬಡ್ಡಿಯಾಗಿಯೇ 88,000 ಸಂದಿತ್ತು. ಇನ್ನು 40,000, ಎಂಟು ಕಂತಲ್ಲಿ, ಬಡ್ಡಿಯಿಲ್ಲದೆ ಎಂದು ಮುಗಿಯಿತು. ಕಾನೂನು ಕೋರ್ಟಿಗೆ ಹೋಗಲೇ ಇಲ್ಲ. ಅದು ಇದೆ ಎನ್ನುವುದೇ ಆ ದಿನ ಕುರ್ಚಿಯ ಎತ್ತರ ಸಮ ಮಾಡಿತು.

ಮಗಳ ಕಾಲೇಜು ಬಿಡಿಸುವ ಮಾತೂ ಬಂದಿತ್ತು. ಮಂಜಣ್ಣ ಒಪ್ಪಲಿಲ್ಲ. ಆರ್ಥಿಕವಾಗಿ ನೋಡಿದರೆ ಅದು ದುಬಾರಿ ತೀರ್ಮಾನ. ನಾವು ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ಎದ್ದು ಗಾಡಿ ತೆಗೆಯಲು ಅವರಿಗೆ ಉಳಿದಿದ್ದ ಕಾರಣ ಅದೊಂದೇ. ಅವಳು ಸಂಜೆ ಟ್ಯೂಷನ್ ಹೇಳಲು ಶುರುಮಾಡಿದಳು.

ಆಮೇಲೆ

ನೇರ ದಾರಿಯಲ್ಲಿ ಏನೂ ನಡೆಯಲಿಲ್ಲ. ಎರಡು ತಿಂಗಳ ಮೇಲೆ ಒಬ್ಬ ಏಜೆಂಟ್ ಸ್ಟ್ಯಾಂಡಿಗೇ ಬಂದು ಎಲ್ಲರೆದುರು ಗಾಡಿ ಕೀ ಕಿತ್ತುಕೊಳ್ಳಲು ನೋಡಿದ. ಆ ರಾತ್ರಿ ಮಂಜಣ್ಣನಿಗೆ ಹಳೇ ಯೋಚನೆಗಳೇ ವಾಪಸ್ ಬಂದವು. ವ್ಯತ್ಯಾಸ ಇಷ್ಟೇ, ಈ ಸಲ ಅವರೇ ಸುಧಾಳನ್ನು ಎಬ್ಬಿಸಿ ಹೇಳಿದರು. ಯಾರಿಗೆ ಮೊದಲು ಫೋನ್, ಆಮೇಲೆ ಯಾರಿಗೆ, ಏನು ದೂರ ಇಡಬೇಕು ಎಂದು ಮುಂಚೆಯೇ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೆವು. ಅದರಂತೆ ನಡೆದರು.

ಸುಧಾ ಆ ಗುಂಪಿನಲ್ಲಿ ಉಳಿಯಲಿಲ್ಲ. ಇಬ್ಬರು ಹೆಂಗಸರು ಇನ್ನೂ ಮಾತಾಡಿಸುವುದಿಲ್ಲ. ಗಿರವಿ ಇಟ್ಟ ಸರ ಹರಾಜಾಯಿತು. ಭೋಗ್ಯದ 4 ಲಕ್ಷದ ಕೇಸು ಆರು ಕುಟುಂಬಗಳ ಹೆಸರಿನಲ್ಲಿ ನಡೆಯುತ್ತಿದೆ, ಹಣ ಬರುತ್ತದೆ ಎಂದು ಯಾರೂ ಭರವಸೆ ಇಟ್ಟುಕೊಂಡಿಲ್ಲ. ಮಂಜಣ್ಣ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಗಾಡಿ ಓಡಿಸುತ್ತಿದ್ದಾರೆ.

ಈ ಪ್ರಕರಣದ ನಂತರ ನಮ್ಮ ತಂಡದಲ್ಲಿ ಬದಲಾದದ್ದು

ಸ್ವಲ್ಪ ಹಣ ಸರಿಯಾದ ಹೊತ್ತಿಗೆ ಸಿಕ್ಕರೆ ಜೀವ ಉಳಿಯುತ್ತದೆ ಎನ್ನುವುದಕ್ಕೆ ಬೇರೆ ಕಡೆಯ ಪುರಾವೆಯೂ ಇದೆ. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನೇರ ನಗದು ಕೊಡುವ ಯೋಜನೆ ಬಂದ ಕಡೆಗಳಲ್ಲಿ ಆತ್ಮಹತ್ಯೆ ಸುಮಾರು ಶೇಕಡಾ 18 ಇಳಿದದ್ದನ್ನು ಅರ್ಥಶಾಸ್ತ್ರಜ್ಞರು 2019ರಲ್ಲಿ ತೋರಿಸಿದರು. ನಮ್ಮಂಥ ಸಣ್ಣ ತಂಡ ಹಣ ಕೊಡಲಾರದು. ಆದರೆ ಇರುವ ಹಣ ಎಲ್ಲಿ ಸೋರುತ್ತಿದೆ ಎಂದು ನೋಡಬಹುದು. ಸುಧಾ ಖಾತೆಯ 590 ರೂಪಾಯಿ ದಂಡವನ್ನು ಯಾವ ಸಮಾಲೋಚಕರೂ ಮೊದಲು ಕೇಳಿರಲಿಲ್ಲ. ಗೃಹಲಕ್ಷ್ಮಿ ಹಣಕ್ಕೆ ಬೇರೆ ಖಾತೆ ಮಾಡಿಸಿದ್ದು ಒಂದು ಬೆಳಗಿನ ಕೆಲಸ. ಕೌನ್ಸೆಲಿಂಗ್ ಎಂದರೆ ಅದೂ ಸೇರಿದೆ ಎಂದು ಈಗ ನಾನು ಹೇಳುತ್ತೇನೆ. ನಮ್ಮಲ್ಲಿ ಕೆಲವರು ಒಪ್ಪುವುದಿಲ್ಲ.

ಅರ್ಜಿಯ ಮೊದಲ ಪುಟದಲ್ಲಿ ಈಗ ನಿದ್ದೆ, ಊಟ, ಸಾಯುವ ಯೋಚನೆಯ ಪ್ರಶ್ನೆಗಳ ಜೊತೆಗೇ ವಾರಕ್ಕೆ ಎಷ್ಟು ಕಂತು, ಯಾರಿಗೆ, ಮನೆಯಲ್ಲಿ ಯಾರಿಗೆ ಗೊತ್ತಿಲ್ಲ ಎಂಬ ಪ್ರಶ್ನೆಗಳೂ ಇವೆ. ಜಗಳ ಎಂದು ಬಂದವರಿಗೆ ಜಗಳ ಯಾವ ವಾರ ಜಾಸ್ತಿ ಎಂದು ಕೇಳುತ್ತೇವೆ. ಆಟೋ ಸ್ಟ್ಯಾಂಡು, ಟೀ ಅಂಗಡಿ, ಗಾರ್ಮೆಂಟ್ಸ್ ಗೇಟು, ಚೀಟಿ ನಡೆಸುವವರ ಮನೆ, ಇಲ್ಲಿಗೆಲ್ಲ ಹೋಗಿ ಮಾತಾಡುವುದು ಜಾಸ್ತಿ ಮಾಡಿದ್ದೇವೆ. ಬಾಕಿ ತೀರಿಸುವುದು, ದಾಖಲೆ ಒಪ್ಪಿಸುವುದು ಇವೆಲ್ಲ ಮೊದಲು ಕಾಣುವುದು ಅವರಿಗೇ.

ತಂಡದಲ್ಲಿ ಇನ್ನೂ ತೀರದ ಒಂದು ಜಗಳವಿದೆ. ಮೊದಲ ಭೇಟಿಯಲ್ಲೇ ಸಾಲ ಕೇಳಿದರೆ, ಇವರು ಸಾಲ ತೀರಿಸಿಕೊಡುತ್ತಾರೆ ಎಂದು ಜನ ಆಸೆ ಪಡುತ್ತಾರೆ, ಆಗದಾಗ ಇನ್ನೂ ಕುಗ್ಗುತ್ತಾರೆ ಎಂದು ನನ್ನ ಸಹೋದ್ಯೋಗಿ ಹೇಳುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಈಗಂತೂ ಕಂತಿನ ಪ್ರಶ್ನೆಗೆ ಮೊದಲು 'ನಾವು ಹಣ ಕೊಡುವುದಿಲ್ಲ, ಲೆಕ್ಕಕ್ಕೆ ಜೊತೆಗೆ ಕೂರುತ್ತೇವೆ' ಎಂದು ಬಾಯಿಬಿಟ್ಟು ಹೇಳಿ ಶುರುಮಾಡುತ್ತಿದ್ದೇವೆ. ಅದನ್ನು ಕೇಳಿ ಎದ್ದು ಹೋದವರೂ ಇದ್ದಾರೆ.